ಹಳೇಬೀಡಿನ್ಯಾಗ ಮಂದಿ ಎಲ್ಲಿ ಹೋದ್ರು ಅತ್ತಿ?

ನಿಮ್ಮ ಫೋನಿನಲ್ಲಿ ಕ್ಯಾಂಡಿ ಕ್ರಶ್ ಬಿಟ್ಟರೆ ಬೇರೆ ಗೇಮ್ ಇಲ್ಲದಿದ್ದರೂ ಪರವಾಗಿಲ್ಲ, ಈ ಬರಹ ಓದಬಹುದು. ಯಾಕಂದರೆ ಇದು ನಮ್ಮ ಬೇಲೂರು, ಹಳೇಬೀಡಿನ ವಿಷಯ. ಇವೆರಡೂ ಒಂದು ದೊಡ್ಡ ವಿಡಿಯೊ ಗೇಮ್‌ನಲ್ಲಿವೆ ಅಂದರೆ ನಮ್ಮ ಆಫೀಸಿನಲ್ಲಿ ಇವತ್ತಿಗೂ ಅರ್ಧ ಜನ ನಂಬುವುದಿಲ್ಲ. ‘ಹಾಸನದ ಬೇಲೂರಾ?’ ಅಂತ ಕೇಳುತ್ತಾರೆ. ಹೌದು, ಅದೇ ಬೇಲೂರು.

ಗೇಮ್‌ನ ಹೆಸರು ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’. ಮಾಡಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿರುವ ‘ನಾಟಿ ಡಾಗ್’ ಕಂಪನಿಯವರು. ಪ್ಲೇಸ್ಟೇಷನ್ 4ಕ್ಕೆ ಬಂದಿದ್ದು 2017ರ ಆಗಸ್ಟ್‌ನಲ್ಲಿ. ಈ ಸರಣಿಯ ಮೊದಲ ಗೇಮ್ ಬಂದಿದ್ದು 2007ರಲ್ಲಿ. ನೇಥನ್ ಡ್ರೇಕ್ ಎಂಬ ನಿಧಿ ಹುಡುಕುವ ಚಾಲಾಕಿ ಮನುಷ್ಯನೇ ಅದರ ಹೀರೊ. 2009, 2011, 2016 ಅಂತ ಅವನ ಸಾಹಸಗಳು ಒಂದಾದ ಮೇಲೊಂದು ಬಂದವು. 2017ರದ್ದನ್ನು ನಾಲ್ಕನೇ ಗೇಮ್‌ಗೆ ಒಂದು ಬಾಲಂಗೋಚಿಯಾಗಿ ಮಾಡಲು ಹೊರಟಿದ್ದರಂತೆ, ಅದು ಬೆಳೆದು ಬೇರೆಯೇ ಗೇಮ್ ಆಯಿತು. ಇದರಲ್ಲಿ ಆಡುವ ನಮಗೆ ಸಿಗುವುದು ಡ್ರೇಕ್ ಅಲ್ಲ. ಕ್ಲೋಯಿ ಫ್ರೇಜರ್ ಎಂಬ ಹೆಂಗಸು, ಜೊತೆಗೆ ನಡೀನ್ ರಾಸ್ ಎಂಬ ಇನ್ನೊಬ್ಬಳು.

ಕ್ಲೋಯಿಯ ಅಪ್ಪ ಭಾರತದವನು. ಹೊಯ್ಸಳರ ಕಾಲದ ಗಣೇಶನ ದಂತವೊಂದನ್ನು ಹುಡುಕುತ್ತಿದ್ದವನು, ಆ ಕೆಲಸದ ಮೇಲಿದ್ದಾಗಲೇ ಸತ್ತವನು. ಈಗ ಅದೇ ದಂತ ಹುಡುಕಲು ಮಗಳು ಪಶ್ಚಿಮ ಘಟ್ಟಕ್ಕೆ ಬಂದಿದ್ದಾಳೆ. ಹಿಂದೆ ಅಸಾವ್ ಎಂಬ ದಂಗೆಕೋರ, ಅವನ ಬಂದೂಕಿನ ಪಡೆ. ಕಥೆ ಇಷ್ಟೇ. ಕೊನೆಗೆ ಏನಾಗುತ್ತದೆ ಎಂದು ಹೇಳುವುದಿಲ್ಲ, ಆಡುವವರಿಗೆ ಬಿಟ್ಟಿದ್ದೇನೆ.

ನಾನು ಚೌಡಾಪುರದವಳು. ಕಲಬುರಗಿಯಿಂದ ಅಫಜಲಪುರದ ಬಸ್ ಹತ್ತಿದರೆ ದಾರಿಯಲ್ಲಿ ಸಿಗುವ ಊರು. ದತ್ತಾತ್ರೇಯನ ಗಾಣಗಾಪುರಕ್ಕೆ ಹೋದವರಿಗೆ ಹೆಸರು ಗೊತ್ತಿರುತ್ತದೆ, ಉಳಿದವರಿಗೆ ‘ಗಾಣಗಾಪುರದ ಹತ್ತಿರ’ ಅಂತ ಹೇಳಬೇಕು. ಹುಣ್ಣಿಮೆ ಬಂದರೆ ನಮ್ಮೂರ ರಸ್ತೆ ತುಂಬ ಮಹಾರಾಷ್ಟ್ರದ ಗಾಡಿಗಳು. ಚಾದ ಅಂಗಡಿಯಲ್ಲಿ ಅರ್ಧ ಮಾತು ಮರಾಠಿ. ಎಲ್ಲರೂ ನಮ್ಮೂರ ಮೇಲೆಯೇ ಹೋಗುತ್ತಾರೆ, ನಮ್ಮೂರಿಗೆ ಅಂತ ಬರುವವರು ಕಡಿಮೆ.

ಗೇಮ್ ಹುಚ್ಚು ನನಗೆ ಅಲ್ಲೇ ಹತ್ತಿತು. ಅಣ್ಣ ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕಲಬುರಗಿಯಿಂದ ಒಂದು ಟಿವಿ ಗೇಮ್ ತಂದಿದ್ದರು. ಹಳದಿ ಕ್ಯಾಸೆಟ್ ಸಿಕ್ಕಿಸಿದರೆ ಮಾರಿಯೊ, ಕಾಂಟ್ರಾ ಬರುತ್ತಿದ್ದವು. ಗೇಮ್ ಅಣ್ಣಂದು. ಅವನು ಮೂರು ಸಲ ಸತ್ತ ಮೇಲೆ ನನ್ನ ಪಾಳಿ. ನನ್ನ ಪಾಳಿ ಬರುವ ಹೊತ್ತಿಗೆ ಕರೆಂಟ್ ಹೋಗಿರುತ್ತಿತ್ತು. ಆಮೇಲೆ ಇಂಜಿನಿಯರಿಂಗ್, ಬೆಂಗಳೂರು, ನೌಕರಿ. ಮೊದಲ ಬೋನಸ್ ಬಂದಾಗ ಸಹೋದ್ಯೋಗಿಯೊಬ್ಬ ಮಾರುತ್ತಿದ್ದ ಹಳೆ ಪ್ಲೇಸ್ಟೇಷನ್ ತಗೊಂಡೆ. ಅದರ ಜೊತೆ ಬಂದ ನಾಲ್ಕು ಡಿಸ್ಕ್‌ಗಳಲ್ಲಿ ಇದೂ ಒಂದು.

ಮೊದಲ ರಾತ್ರಿಯೇ ಬೆಳಗಿನ ಮೂರು ಗಂಟೆಯವರೆಗೆ ಆಡಿದ್ದೆ. ಬಣ್ಣ ಅಂದರೆ ಬಣ್ಣ ನೋಡಿ. ಮಳೆ ನಿಂತ ಮೇಲಿನ ಹಸಿರು, ಕೆಂಪು ಮಣ್ಣು, ಜಲಪಾತ. ಒಂದು ದೊಡ್ಡ ಬಯಲಿನಲ್ಲಿ ಜೀಪ್ ಓಡಿಸಿಕೊಂಡು ಬೇಕಾದ ಕಡೆ ಹೋಗಬಹುದು. ಗೋಡೆ ಹತ್ತುವುದು, ಹಗ್ಗ ಎಸೆದು ಕಂದಕ ಹಾರುವುದು, ಕಲ್ಲಿನ ಒಗಟು ಬಿಡಿಸುವುದು. ಕೊಡಲಿ ಬೀಸುವ ಮೂರ್ತಿಗಳ ನಡುವೆ ಏಟು ತಪ್ಪಿಸಿಕೊಂಡು ಕಂಬದಿಂದ ಕಂಬಕ್ಕೆ ಜಿಗಿಯಬೇಕು. ಕಲ್ಲಿನಡಿ ಸಿಕ್ಕಿಹಾಕಿಕೊಂಡ ಒಂದು ಆನೆಯನ್ನು ಬಿಡಿಸಿ ಅದರ ಮೇಲೆ ಕೂತು ಹೋಗುವ ಜಾಗವಿದೆ. ಅಲ್ಲಿ ನಾನು ಕಂಟ್ರೋಲರ್ ಕೆಳಗಿಟ್ಟು ಸುಮ್ಮನೆ ನೋಡುತ್ತ ಕೂತಿದ್ದೆ.

ಇವೆಲ್ಲದರ ನಡುವೆ ಕ್ಲೋಯಿ ಬಾಯಲ್ಲಿ ‘ಹೊಯ್ಸಳ’ ಅನ್ನುವ ಮಾತು. ‘ಹಳೇಬೀಡು’ ಅನ್ನುವ ಮಾತು. ಉಚ್ಚಾರ ಅಷ್ಟಕ್ಕಷ್ಟೇ ಬಿಡಿ. ಆದರೂ ಮೈ ಜುಮ್ ಅಂದಿದ್ದು ನಿಜ. ಇಷ್ಟು ವರ್ಷ ನಾನು ಆಡಿದ ಗೇಮ್‌ಗಳಲ್ಲಿ ನ್ಯೂಯಾರ್ಕ್ ಇತ್ತು, ರೋಮ್ ಇತ್ತು, ಈಜಿಪ್ಟ್ ಇತ್ತು. ಏಳನೇ ಕ್ಲಾಸಿನ ಸಮಾಜ ವಿಜ್ಞಾನದ ಪಾಠ ಇದ್ದಿದ್ದು ಇದೊಂದರಲ್ಲೇ.

ಆಡಿ ಮುಗಿಸಿದ ಮೇಲೆ ತಿಂಗಳೊಪ್ಪತ್ತಿನಲ್ಲಿ ಗೆಳತಿಯರ ಜೊತೆ ನಿಜವಾದ ಬೇಲೂರಿಗೆ ಹೋದೆ. ಗೇಮ್‌ನ ಬೇಲೂರಿಗೂ ಇದಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಜಲಪಾತದ ನಡುವೆ ಬೆಟ್ಟದಷ್ಟು ಎತ್ತರದ ಮೂರ್ತಿಗಳಿವೆ. ಇಲ್ಲಿ ಹೊಯ್ಸಳರ ಹೆಚ್ಚುಗಾರಿಕೆ ಇರುವುದೇ ಸಣ್ಣದರಲ್ಲಿ. ಬಳಪದ ಕಲ್ಲು, ಕಡೆಯುವಾಗ ಮೆತ್ತಗೆ, ಆಮೇಲೆ ಗಾಳಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಬಳೆ, ಸರ, ಬೆರಳಿನ ಉಗುರನ್ನೂ ಬಿಡದೆ ಕಡೆದಿದ್ದಾರೆ. ಕನ್ನಡಿ ಹಿಡಿದ ಸುಂದರಿಯನ್ನು ನೋಡಲು ಕತ್ತು ಎತ್ತಿ ಹತ್ತಿರ ಹೋಗಬೇಕು. ಎಷ್ಟೋ ಶಿಲ್ಪಿಗಳು ಕೆಲಸದ ಕೆಳಗೆ ತಮ್ಮ ಹೆಸರನ್ನೂ ಬರೆದಿದ್ದಾರೆ. ಬಳ್ಳಿಗಾವೆಯ ದಾಸೋಜ ಅಂತ ಒಬ್ಬ, ಅವನ ಮಗ ಚಾವಣ. ಒಂಬೈನೂರು ವರ್ಷದ ಹಿಂದೆ ಕಲ್ಲಿನ ಕೆಲಸಕ್ಕೆ ಅಂತ ಊರು ಬಿಟ್ಟು ಬಂದವರು. ನಾವು ನೌಕರಿಗೆ ಅಂತ ಊರು ಬಿಟ್ಟವರು ಹೊಸಬರೇನಲ್ಲ.

ಇನ್ನೂ ದೊಡ್ಡ ವ್ಯತ್ಯಾಸ ಬೇರೆ. ಗೇಮ್‌ನಲ್ಲಿ ಬೇಲೂರು, ಹಳೇಬೀಡು ಕಾಡಿನಲ್ಲಿ ಕಳೆದುಹೋದ ನಗರಗಳು. ನಿಜದಲ್ಲಿ ಎರಡರ ನಡುವೆ ಬರೀ 16 ಕಿಲೋಮೀಟರ್, ಬಸ್ಸಿದೆ. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ, ಇವತ್ತಿಗೂ ಪೂಜೆ ನಡೆಯುತ್ತದೆ. 1311ರಲ್ಲಿ ಮಲಿಕ್ ಕಾಫರ್ ದೋರಸಮುದ್ರದ ಮೇಲೆ ಬಿದ್ದ. ಮುಂದೆ ಅದು ರಾಜಧಾನಿಯಾಗಿ ಉಳಿಯಲಿಲ್ಲ, ಹಳೆಯ ಬೀಡು ಅಂತಲೇ ಹೆಸರಾಯಿತು. ಹಾಳಾಗಿದ್ದು ನಿಜ, ಆದರೆ ಕಳೆದುಹೋಗಲಿಲ್ಲ. ದೇವಸ್ಥಾನದ ಎದುರು ಎಳನೀರು ಮಾರುತ್ತಾರೆ, ಸ್ಕೂಲ್ ಮಕ್ಕಳು ಸಾಲಾಗಿ ನಿಲ್ಲುತ್ತಾರೆ. 2023ರಲ್ಲಿ ಯುನೆಸ್ಕೊದವರು ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು.

ಈ ವ್ಯತ್ಯಾಸ ನನಗೆ ಆಗ ಬರೀ ತಮಾಷೆ ಅನಿಸಿತ್ತು. ಅದು ತಮಾಷೆಯಲ್ಲ ಅಂತ ತೋರಿಸಿದ್ದು ಅಣ್ಣನ ಮಗ.

ಎರಡು ವರ್ಷದ ಹಿಂದಿನ ಮಾತು. ನಾಗರ ಪಂಚಮಿಗೆ ಊರಿಗೆ ಹೊರಟಿದ್ದೆ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಜೋಕಾಲಿ, ಅಳ್ಳು, ನಾಲ್ಕೈದು ಥರದ ಉಂಡಿ. ತವರಿಗೆ ಹೋಗದಿದ್ದರೆ ಅವ್ವ ಆರು ತಿಂಗಳು ಮಾತಾಡಿಸುವುದಿಲ್ಲ. ಈ ಸಲ ಪ್ಲೇಸ್ಟೇಷನ್ ಕೂಡ ಸೀರೆಯಲ್ಲಿ ಸುತ್ತಿಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಹನ್ನೊಂದು ವರ್ಷದ ಅಳಿಯ ಫೋನಿನಲ್ಲಿ ಒಂದು ತಿಂಗಳಿಂದ ಬೆನ್ನು ಹತ್ತಿದ್ದ.

ಪಡಸಾಲೆಯ ಟಿವಿಗೆ ಹಚ್ಚಿದೆವು. ಹೊರಗೆ ಜಿಟಿಜಿಟಿ ಮಳೆ. ಹೊಲದ ಕೆಲಸ ಇಲ್ಲದ್ದಕ್ಕೆ ಅಪ್ಪನೂ ಬಂದು ಕುರ್ಚಿ ಎಳೆದುಕೊಂಡು ಕೂತರು. ಅವ್ವ ಅಡುಗೆಮನೆ ಬಾಗಿಲಲ್ಲಿ ರೊಟ್ಟಿ ಹಿಟ್ಟಿನ ಕೈಯಲ್ಲೇ ನಿಂತಳು.

“ಇದು ಬೇಲೂರು ಅಂತೀ?” ಅಪ್ಪ ಕನ್ನಡಕ ಸರಿ ಮಾಡಿಕೊಂಡರು. “ನಾ ಧರ್ಮಸ್ಥಳಕ್ಕ ಹೋದಾಗ ನೋಡೀನಿ. ಇಷ್ಟು ನೀರು ಅಲ್ಲಿ ಎಲ್ಲದ?”

“ಗೇಮ್ ಅಪ್ಪಾ ಇದು.”

“ಆಗಲಿ. ಇಷ್ಟು ದೊಡ್ಡ ಗುಡಿ ಕಟ್ಟ್ಯಾರ, ಒಬ್ಬ ಪೂಜಾರಿ ಇಲ್ಲ. ದೀಪ ಹಚ್ಚೋರು ಯಾರು?”

ಅವ್ವನ ಚಿಂತೆ ಬೇರೆ. “ಆ ಹುಡುಗಿ ಮುಂಜಾನಿಂದ ಬರೇ ಓಡ್ಲತ್ತಾಳ. ಏನರೆ ಉಂಡಾಳೋ ಇಲ್ಲೊ?”

ನಕ್ಕು ನಕ್ಕು ನಾನು ಕ್ಲೋಯಿಯನ್ನು ಎರಡು ಸಲ ಕಂದಕಕ್ಕೆ ಬೀಳಿಸಿದೆ. ಆಮೇಲೆ ಕಂಟ್ರೋಲರ್ ಹುಡುಗನ ಕೈಗೆ ಹೋಯಿತು. ಒಂದು ಗಂಟೆಯಲ್ಲಿ ನನಗಿಂತ ಚೆನ್ನಾಗಿ ಜೀಪ್ ಓಡಿಸತೊಡಗಿದ. ಬಯಲು ಪೂರ್ತಿ ತಿರುಗಿ ಬಂದ. ಗೋಪುರ ಹತ್ತಿ ಇಳಿದ. ಆಮೇಲೆ ಜೀಪ್ ನಿಲ್ಲಿಸಿ ನನ್ನ ಕಡೆ ತಿರುಗಿದ.

“ಅತ್ತಿ, ಹಳೇಬೀಡಿನ್ಯಾಗ ಮಂದಿ ಎಲ್ಲಿ ಹೋದ್ರು?”

ನಾನು ಆ ಗೇಮ್ ಅನ್ನು ಎರಡು ಸಲ ಮುಗಿಸಿದವಳು. ಈ ಪ್ರಶ್ನೆ ನನಗೆ ಬಂದಿರಲೇ ಇಲ್ಲ. ಅವನು ಕೇಳಿದ ಮೇಲೆ ನೋಡಿದರೆ, ಹೌದಲ್ಲ, ಅಷ್ಟು ದೊಡ್ಡ ಪಶ್ಚಿಮ ಘಟ್ಟದ ಬಯಲಿನಲ್ಲಿ ಇರುವುದು ಕ್ಲೋಯಿ, ನಡೀನ್, ಮತ್ತೆ ಗುಂಡು ಹೊಡೆಯಲು ಬರುವ ಬಂಟರು. ಒಂದು ಹಟ್ಟಿ ಇಲ್ಲ, ದನ ಕಾಯುವವನಿಲ್ಲ, ಬಾವಿಕಟ್ಟೆ ಇಲ್ಲ. ಕಥೆಯ ಶುರುವಿನಲ್ಲಿ ಪೇಟೆಯಿದೆ, ಜನರಿದ್ದಾರೆ. ಘಟ್ಟಕ್ಕೆ ಬಂದರೆ ಬರೀ ಕಲ್ಲು. ನಿಧಿ ಹುಡುಕುವ ಕಥೆಗೆ ಜನ ಅಡ್ಡಿ. ಜನ ಇದ್ದರೆ ಯಾರಾದರೂ ‘ಏಯ್, ನಮ್ಮ ಗುಡಿಯಾಗ ಏನು ಮಾಡ್ಲತ್ತೀರಿ’ ಅಂತ ಕೇಳಿಯೇ ಕೇಳುತ್ತಾರೆ. ಆಮೇಲೆ ನಿಧಿ ತಗೊಂಡು ಹೋಗುವುದು ಕಳ್ಳತನವಾಗುತ್ತದೆ, ಸಾಹಸವಾಗುವುದಿಲ್ಲ.

ಇದು ಈ ಒಂದು ಗೇಮ್‌ನ ಮಾತಲ್ಲ, ನಿಧಿ ಹುಡುಕುವ ಸಿನಿಮಾಗಳೂ ಹೀಗೇ. ದೂರದವರಿಗೆ ಗೊತ್ತಿಲ್ಲದ ಊರು ‘ಕಳೆದುಹೋದ’ ಊರು. ಅದರೊಳಗೆ ಇರುವವರಿಗೆ ಅದು ಮನೆ.

ಹುಡುಗ ಅಲ್ಲಿಗೇ ಬಿಡಲಿಲ್ಲ. “ನಮ್ಮ ಕಡೀದು ಯಾವ ಗೇಮ್‌ನಾಗೂ ಇಲ್ಲೇನು? ನಮ್ಮಲ್ಲಿ ಅಂಥಾದ್ದೇನೂ ಇಲ್ಲಲ್ಲ ಮತ್ತ.”

ಈ ಮಾತು ನನಗೆ ಚುಚ್ಚಿತು. ಅವನು ಬೇಜಾರಿನಿಂದ ಹೇಳಿದ್ದಲ್ಲ, ಮಳೆ ಬರ್ತಾ ಇದೆ ಅನ್ನುವ ಹಾಗೆ ಸಹಜವಾಗಿ ಹೇಳಿದ. ನಮ್ಮ ಕಡೆ ಬೆಳೆದವರಿಗೆ ಇದು ಗೊತ್ತಿರುತ್ತದೆ. ಪಠ್ಯಪುಸ್ತಕದಲ್ಲಿ, ಸಿನಿಮಾದಲ್ಲಿ, ಪ್ರವಾಸದ ಪಟ್ಟಿಯಲ್ಲಿ ನಾವು ಇರುವುದು ಬಿಸಿಲು, ಬರ, ಹಿಂದುಳಿದ ಪ್ರದೇಶ ಅಂತ. ಹನ್ನೊಂದು ವರ್ಷದ ಹುಡುಗ ಅಷ್ಟು ಬೇಗ ಅದನ್ನು ಒಪ್ಪಿಕೊಂಡುಬಿಟ್ಟಿದ್ದ.

ಅಪ್ಪ ಮಾತ್ರ ಬೇರೆಯದನ್ನೇ ಕೇಳಿದರು. “ಈಕಿ ಅಪ್ಪ ಈಕಿಗಿ ಏನು ಬಿಟ್ಟು ಹೋಗ್ಯಾನ?”

ನಾನು ವಿವರಿಸಿದೆ. ಕ್ಲೋಯಿಗೆ ಅಪ್ಪನ ಮೇಲೆ ಸಿಟ್ಟಿದೆ. ಮನೆಗಿಂತ ಅವನಿಗೆ ಆ ಹುಡುಕಾಟವೇ ಹೆಚ್ಚಾಗಿತ್ತು. ಆದರೆ ಗೋಡೆಯ ಮೇಲಿನ ಚಿತ್ರ ನೋಡಿ ಇದು ಗಣೇಶ, ಇದು ಪರಶುರಾಮ, ಕೊಡಲಿಯಿಂದ ದಂತ ಮುರಿದ ಕಥೆ ಹೀಗೆ ಅಂತ ನಡೀನ್‌ಗೆ ಹೇಳಲು ಬರುವುದು ಅವಳಿಗೆ ಮಾತ್ರ. ಒಗಟು ಬಿಡಿಸಲು ಆಗುವುದೂ ಅದರಿಂದಲೇ. ಅಪ್ಪನ ಕಡೆಯಿಂದ ಅವಳಿಗೆ ಬಂದ ಆಸ್ತಿ ಅಂದರೆ ಅದೇ.

“ಹೊಲ ಮನಿ ಏನಿಲ್ಲ?”

“ಇಲ್ಲ.”

ಅಪ್ಪ ‘ಹೂಂ’ ಅಂದರು, ಅಷ್ಟೇ.

ಆ ‘ಹೂಂ’ಗೆ ಕಾರಣವಿತ್ತು. ಆ ಪಂಚಮಿಯ ಹೊತ್ತಿಗೆ ಮನೆಯಲ್ಲಿ ವಾಟ್ನಿಯ ಮಾತು ನಡೆದಿತ್ತು. ಒಂಬತ್ತು ಎಕರೆ ಎರಿ ಹೊಲ. ತೊಗರಿ, ಜೋಳ. ಅಪ್ಪನಿಗೆ ವಯಸ್ಸಾಗಿತ್ತು, ಎಲ್ಲ ಕಾಗದದಲ್ಲಿ ಇರಲಿ ಅಂತ ಅವರ ವಿಚಾರ. ಬಂಧುಗಳಲ್ಲಿ ಹಿರಿಯರೊಬ್ಬರು ಉಂಡಿ ತಿನ್ನುತ್ತಲೇ ಹೇಳಿದ್ದರು: “ಹುಡುಗಿ ಒಂದು ಸಹಿ ಹಾಕಿ ಕೊಡ್ತಾಳ ಬಿಡು. ಬೆಂಗಳೂರಾಗ ಪಗಾರ ಅದ, ಆಕಿಗೆ ಹೊಲ ಯಾಕ ಬೇಕು?” ಹಕ್ಕು ಬಿಟ್ಟುಕೊಡುವ ಪತ್ರ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಹಬ್ಬಕ್ಕೆ ಬಂದವರು ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಹಾಕಿ, ಒಂದು ಸೀರೆ ಉಡಿಸಿಕೊಂಡು ವಾಪಸ್ ಹೋಗುತ್ತಾರೆ. ಬೇಡ ಅಂದರೆ ತವರಿನ ಬಾಗಿಲು ಮುಚ್ಚುತ್ತದೆ ಅನ್ನುವ ಭಯ.

ಅಣ್ಣನ ಬಗ್ಗೆ ಕೆಟ್ಟದ್ದು ಬರೆಯಲು ನನ್ನ ಹತ್ತಿರ ಏನಿಲ್ಲ. ಊರಲ್ಲಿ ಉಳಿದವನು ಅವನು. ತೊಗರಿಗೆ ಗೊಡ್ಡು ರೋಗ ಬಂದ ವರ್ಷ ಸಾಲ ಮೈಮೇಲೆ ಹಾಕಿಕೊಂಡವನು ಅವನು, ಅವ್ವನ ಮೊಣಕಾಲು ಆಪರೇಷನ್ನಿಗೆ ಓಡಾಡಿದವನು ಅವನು. ನಾನು ದುಡ್ಡು ಕಳಿಸಿದೆ, ಅವನು ಅಲ್ಲಿದ್ದ. ಎರಡೂ ಒಂದೇ ತೂಕ ಅಂತ ನಾನೂ ಹೇಳಲಾರೆ. ಅವನು ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಆದರೆ ಆ ಮೂರು ದಿನ ನಾವಿಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲಿಲ್ಲ.

ಹಬ್ಬ ಮುಗಿದ ಮರುದಿನ ನಾನೇ ಹೇಳಿದೆ, ಎಲ್ಲರೂ ಸನ್ನತಿಗೆ ಹೋಗಿ ಬರೋಣ ಅಂತ. ಹುಡುಗನ ‘ನಮ್ಮಲ್ಲಿ ಏನೂ ಇಲ್ಲ’ ಅನ್ನುವ ಮಾತಿಗೆ ನನ್ನ ಹತ್ತಿರ ಇದ್ದ ಉತ್ತರ ಅದೊಂದೇ. ಅಣ್ಣ ಗೆಳೆಯನ ಗಾಡಿ ತಂದ. ಕಲಬುರಗಿ ದಾಟಿ ಶಹಾಬಾದ್ ಕಡೆ ಹೊರಟೆವು.

ಮರ್ತೂರು ಅನ್ನುವ ಊರು ಆ ಕಡೆಯೇ. ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಊರು ಅಂತ ನಮ್ಮ ಕಡೆ ಅದಕ್ಕೆ ಹೆಸರು. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದವನು. ಅದೇ ಹೊತ್ತಿಗೆ ಆ ಚಾಲುಕ್ಯರ ಕೈಕೆಳಗೆ ಸಾಮಂತರಾಗಿದ್ದವರು ಗೇಮ್‌ನ ಹೊಯ್ಸಳರು. ಅಪ್ಪನ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಅಂತ ಮಿತಾಕ್ಷರ ಹೇಳಿತು. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದ ಹಿಂದೂ ಮನೆಗಳಲ್ಲಿ ಶತಮಾನಗಟ್ಟಲೆ ಅದೇ ನಡೆಯಿತು. ಹೆಣ್ಣುಮಕ್ಕಳಿಗೂ ಅದೇ ಹುಟ್ಟಿನ ಹಕ್ಕು ಅಂತ ಕರ್ನಾಟಕ 1994ರಲ್ಲಿ ಕಾನೂನು ತಂದಿತು, ಕೇಂದ್ರ 2005ರಲ್ಲಿ ತಂದಿತು. ಅಪ್ಪ 2005ರಲ್ಲಿ ಬದುಕಿರಲಿ ಬಿಡಲಿ ಮಗಳ ಹಕ್ಕು ಹಕ್ಕೇ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಮಾಡಿತು.

ಗಾಡಿಯಲ್ಲಿ ನಾನು ಇದಿಷ್ಟನ್ನೂ ಹುಡುಗನಿಗೆ ಕಥೆ ಹೇಳಿದ ಹಾಗೆ ಹೇಳಿದೆ. ಹೊಲದ ಮಾತು ಎತ್ತಲಿಲ್ಲ. ಮುಂದಿನ ಸೀಟಿನಲ್ಲಿದ್ದ ಇಬ್ಬರಿಗೂ ಕಿವಿ ಇತ್ತು.

ಸನ್ನತಿ ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿ ದಂಡೆಯ ಮೇಲಿದೆ. ಗಾಣಗಾಪುರದಲ್ಲಿ ಅಮರ್ಜಾ ಬಂದು ಸೇರುವ ಅದೇ ಭೀಮಾ, ಅಲ್ಲಿಂದ ಕೆಳಗೆ ಹರಿದು ಇಲ್ಲಿಗೆ ಬರುತ್ತದೆ. ಊರಲ್ಲಿ ಚಂದ್ರಲಾಂಬಾ ದೇವಿಯ ಗುಡಿ, ಭಕ್ತರು ದಿನವೂ ಬರುತ್ತಾರೆ. ಅದೇ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಮೂರ್ತಿ ಒಡೆಯಿತು. ಕಲ್ಲು ಮಣ್ಣು ತೆಗೆದು ನೋಡಿದರೆ ಮೂರ್ತಿ ಕೂರಿಸಿದ್ದ ಪೀಠದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರ. ಅದು ಸಾಮ್ರಾಟ ಅಶೋಕನ ಶಾಸನ! ಎರಡು ಸಾವಿರ ವರ್ಷಕ್ಕಿಂತ ಹಳೆಯ ಕಲ್ಲು ದೇವಿಗೆ ಪೀಠವಾಗಿ ಕೂತಿತ್ತು.

ಅದಾದ ಮೇಲೆ ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ಅಲ್ಲಿಯ ಒಂದು ಶಿಲ್ಪದಲ್ಲಿ ಒಬ್ಬ ರಾಜ, ರಾಣಿ, ಪರಿಚಾರಕಿಯರು. ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಸೊಕೊ’. ಅಶೋಕನ ಹೆಸರು ಬರೆದೇ ಕಡೆದಿರುವ ಚಿತ್ರ ನಮ್ಮ ಜಿಲ್ಲೆಯಲ್ಲಿ ಸಿಕ್ಕಿದೆ.

ಹುಡುಗ ಗುಡಿಯ ಆವರಣದಲ್ಲಿ ನಿಂತು ಬಾಯಿ ತೆರೆದ. “ಅಂದ್ರ ಮಂದಿ ದಿನಾ ಅದರ ಮುಂದೇ ಕೈ ಮುಗೀಲತ್ತಿದ್ರು? ಯಾರಿಗೂ ಗೊತ್ತಿರಲಿಲ್ಲ?”

“ಗೊತ್ತಿರಲಿಲ್ಲ. ಆದ್ರ ಎಣ್ಣಿ ಹಾಕಿ, ನೀರು ಹಾಕಿ, ಕಾಯ್ದು ಇಟ್ಟವರು ಅವರೇ ಅಲ್ಲ?” ಅಂದಿದ್ದು ನಾನಲ್ಲ, ಅಪ್ಪ.

ಗೇಮ್‌ನವರು ಇದನ್ನು ಮಾಡಿದ್ದರೆ ಆ ಕಲ್ಲು ಕಾಡಿನ ನಡುವಿನ ಗುಹೆಯಲ್ಲಿರುತ್ತಿತ್ತು, ಬಾಗಿಲಿಗೆ ಮೂರು ಒಗಟು ಇರುತ್ತಿದ್ದವು, ಕೊನೆಗೆ ಎಲ್ಲ ಕುಸಿದು ಬೀಳುತ್ತಿತ್ತು. ನಿಜದಲ್ಲಿ ಅದು ಉಳಿದಿದ್ದು ಜನ ಬಂದು ಹೋಗುವ ಜಾಗದಲ್ಲಿ, ಅವರ ಕೈ ಕೆಳಗೆ. ಆ ಕಲ್ಲಿನ ಮೇಲಿರುವ ಶಾಸನಗಳಲ್ಲಿ ಒಂದು, ತನ್ನ ಪಂಥವನ್ನು ಹೊಗಳಿಕೊಂಡು ಇನ್ನೊಬ್ಬರದ್ದನ್ನು ಹಳಿಯಬೇಡಿ ಅನ್ನುತ್ತದೆ. ಒಂದು ಕಡೆ ಗಾಣಗಾಪುರದ ದತ್ತ, ಇನ್ನೊಂದು ಕಡೆ ಆಳಂದದ ಲಾಡ್ಲೆ ಮಶಾಕರ ದರ್ಗಾ, ನಡುವೆ ನಾವು. ನಮಗೆ ಬರೆದ ಹಾಗೇ ಇದೆ.

ವಾಪಸ್ ಬರುವಾಗ ಕತ್ತಲಾಗಿತ್ತು. ಧಾಬಾದಲ್ಲಿ ಊಟಕ್ಕೆ ಕೂತಾಗ ಅಣ್ಣ ತಾನಾಗಿಯೇ ಮಾತು ತೆಗೆದ. “ಹೊಲದಾಗ ನಿನ್ನ ಹೆಸರೂ ಇರಲಿ. ಉಳೋದು ನಾ ಉಳ್ತೀನಿ.” ನಾನು ಏನೋ ಹೇಳಲು ಹೋದೆ. ಅಪ್ಪ ಕೈಸನ್ನೆ ಮಾಡಿ ತಡೆದು, “ರೊಟ್ಟಿ ಆರ್ಲತ್ತದ, ಉಣ್ಣ್ರಿ” ಅಂದರು. ಅಪ್ಪ ಅವನ ಜೊತೆ ಮೊದಲೇ ಮಾತಾಡಿದ್ದರೋ, ಅವನೇ ನಿರ್ಧಾರ ಮಾಡಿದನೋ, ನಾನು ಕೇಳಲು ಹೋಗಿಲ್ಲ. ಒಂದು ವಿಡಿಯೊ ಗೇಮ್ ನೋಡಿ ಮನೆಯ ವಾಟ್ನಿ ಬದಲಾಯಿತು ಅಂತ ನಾನು ಹೇಳುವುದೂ ಇಲ್ಲ. ಮನೆಯ ಮಾತು ಅಷ್ಟು ಸುಲಭಕ್ಕೆ ಬಗೆಹರಿಯುವಂಥದ್ದಲ್ಲ.

ಆ ದೀಪಾವಳಿಗೆ ಕಾಗದ ಆಯಿತು. ಪಹಣಿಯಲ್ಲಿ ಎರಡು ಎಕರೆ ನನ್ನ ಹೆಸರಿಗಿದೆ. ಸಮಪಾಲಲ್ಲ, ನಾನು ಕೇಳಿದ್ದೂ ಅಷ್ಟೇ. ಊರಲ್ಲಿ ಉಳಿದವನ ದುಡಿಮೆಗೂ ಲೆಕ್ಕ ಬೇಕು ಅಂತ ನನ್ನ ಅಭಿಪ್ರಾಯ, ನಿಮ್ಮದು ಬೇರೆ ಇರಬಹುದು. ಅಣ್ಣನೇ ಉಳುತ್ತಾನೆ. ವರ್ಷಕ್ಕೊಮ್ಮೆ ಒಂದು ಚೀಲ ತೊಗರಿಬೇಳೆ ಬೆಂಗಳೂರಿಗೆ ಬರುತ್ತದೆ. ನಮ್ಮ ಬೇಳೆಗೆ ಈಗ ಜಿಐ ಟ್ಯಾಗ್ ಕೂಡ ಇದೆ ಅಂತ ಪಿಜಿಯ ಗೆಳತಿಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತೇನೆ.

ಆ ಗೇಮ್‌ಗೆ ಬೈಯುವ ಮನಸ್ಸು ನನಗಿಲ್ಲ. ಇಬ್ಬರು ಹೆಂಗಸರ ಸ್ನೇಹ, ಅಪ್ಪನ ಮೇಲಿನ ಸಿಟ್ಟು ಕರಗುವ ಬಗೆ, ಆ ಆನೆ ಎಲ್ಲವೂ ನನಗೆ ಇಷ್ಟ. ಸಾವಿರಾರು ಮೈಲಿ ದೂರದವರು ಹೊಯ್ಸಳರ ಹೆಸರು ಹುಡುಕಿ ತೆಗೆದರಲ್ಲ, ಅದಕ್ಕೂ ಸಲಾಂ. 2022ರಿಂದ ಅದು ಕಂಪ್ಯೂಟರಿನಲ್ಲೂ ಸಿಗುತ್ತದೆ, ಏಳೆಂಟು ಗಂಟೆಯಲ್ಲಿ ಮುಗಿಯುತ್ತದೆ, ಒಂದು ವೀಕೆಂಡ್ ಸಾಕು. ಆಡಿ. ಆಡುವಾಗ ಪಕ್ಕದಲ್ಲಿ ಮನೆಯ ಒಬ್ಬ ಹಿರಿಯರನ್ನೂ ಒಂದು ಮಗುವನ್ನೂ ಕೂರಿಸಿಕೊಳ್ಳಿ. ಅವರು ಕೇಳುವ ಪ್ರಶ್ನೆಗಳು ಗೇಮ್‌ನ ಒಗಟುಗಳಿಗಿಂತ ಕಷ್ಟ ಇರುತ್ತವೆ.

ಹುಡುಗನಿಗೀಗ ಹದಿಮೂರು. ಕಂಪ್ಯೂಟರಿನಲ್ಲಿ ಸ್ಕ್ರ್ಯಾಚ್ ಕಲಿಯುತ್ತಿದ್ದಾನೆ, ಸಣ್ಣ ಸಣ್ಣ ಗೇಮ್ ಮಾಡುವ ಪ್ರೋಗ್ರಾಂ ಅದು. ಹೋದ ತಿಂಗಳು ಒಂದು ನೋಟ್‌ಬುಕ್ ಹಾಳೆಯ ಫೋಟೊ ಕಳಿಸಿದ್ದ. ಚೌಡಾಪುರದ ಮ್ಯಾಪ್. ಬಸ್ ಸ್ಟ್ಯಾಂಡ್, ಗಾಣಗಾಪುರದ ತಿರುವು, ಚಾದ ಅಂಗಡಿ, ನಮ್ಮ ಹೊಲ, ದೂರದಲ್ಲಿ ಭೀಮಾ. ಪ್ರತಿ ಅಂಗುಲದಲ್ಲೂ ಪೆನ್ಸಿಲ್ಲಿನ ಪುಟ್ಟ ಪುಟ್ಟ ಮನುಷ್ಯರು, ದನ, ನಾಯಿ, ಒಂದು ಕಬ್ಬಿನ ಟ್ರ್ಯಾಕ್ಟರ್.

“ಇಷ್ಟು ಮಂದಿ ಹಾಕಿದ್ರ ಗೇಮ್ ಸ್ಲೋ ಆಗ್ತದ ನೋಡು” ಅಂತ ಮೆಸೇಜ್ ಮಾಡಿದೆ.

“ಆಗಲಿ ಅತ್ತಿ” ಅಂದ. “ಯಾರ್ನೂ ತೆಗೆಯಾಂಗಿಲ್ಲ.”